ತಿಪ್ಪೇಸ್ವಾಮಿಗೆ ಎರಡು ಸಲ ಕೇಳಿದ ಪ್ರಶ್ನೆ

ಕೊರೊನಾ ಕಳೆದ ಮರುವರ್ಷ ನಾನು ಚಿತ್ರದುರ್ಗದಲ್ಲಿ ತಿಪ್ಪೇಸ್ವಾಮಿ ಎಂಬ ರೋಗಿಯ ಮನೆಯಲ್ಲಿ ಹಗಲು ಹೊತ್ತಿನ ಆಯಾ ಆಗಿದ್ದೆ. ಅದಕ್ಕೂ ಮುಂಚೆ ಹಿರಿಯೂರಿನ ನರ್ಸಿಂಗ್ ಹೋಮೊಂದರಲ್ಲಿ ವಾರ್ಡ್ ಕೆಲಸ ಮಾಡಿ ಕೈ ಪಳಗಿತ್ತು. ಓದಿದ್ದು ಮೂರನೇ ಕ್ಲಾಸು. ಮಲಗಿದವರ ಮಗ್ಗುಲು ಬದಲಿಸಲು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಲು ಅಷ್ಟು ಸಾಕು.

ತಿಪ್ಪೇಸ್ವಾಮಿ ಬಸ್ ಡ್ರೈವರ್ ಆಗಿದ್ದವನು. ಹೊಳಲ್ಕೆರೆ, ಹೊಸದುರ್ಗದ ರಸ್ತೆಯ ಗುಂಡಿಗಳೆಲ್ಲ ಅವನಿಗೆ ಬಾಯಿಪಾಠ. ಐವತ್ತು ದಾಟುವಷ್ಟರಲ್ಲಿ ನರದ ಕಾಯಿಲೆ ಹಿಡಿಯಿತು. ಮೊದಲು ಕಾಲು ಹೋಯಿತು, ಆಮೇಲೆ ಕೈ, ಕೊನೆಗೆ ಮಾತು. ತಲೆ ಮಾತ್ರ ನೆಟ್ಟಗಿತ್ತು, ಅದೇ ಕಷ್ಟ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕೈಕಾಲಿನಲ್ಲಿ ಆಡುತ್ತಿದ್ದದ್ದು ಬಲಗೈಯ ತೋರುಬೆರಳೊಂದೇ.

ಆ ಬೆರಳಿನಡಿ ಒಂದು ವೈರ್‌ಲೆಸ್ ಮೌಸ್ ಇಟ್ಟಿದ್ದರು. ಮಂಚದ ಎದುರಿನ ಕಂಪ್ಯೂಟರಿನಲ್ಲಿ ಸಾಲಾಗಿ ಚೌಕಗಳು: ನೀರು, ಫ್ಯಾನ್, ನೋವು, ಸಾಕು, ಹೌದು, ಬೇಡ. ಒಂದು ಹಸಿರು ಬೆಳಕು ಚೌಕದಿಂದ ಚೌಕಕ್ಕೆ ತಾನಾಗಿ ಸರಿಯುತ್ತದೆ. ಇದಕ್ಕೆ ಸ್ಕ್ಯಾನಿಂಗ್ ಎನ್ನುತ್ತಾರೆ. ಬೆಳಕು ಬೇಕಾದ ಚೌಕಕ್ಕೆ ಬಂದಾಗ ಮೌಸ್ ಒತ್ತಿದರೆ ಕಂಪ್ಯೂಟರ್ ಆ ಮಾತನ್ನು ಹೇಳುತ್ತದೆ, ಅದೂ ಹೆಂಗಸಿನ ದನಿಯಲ್ಲಿ. ಮೀಸೆಯ ಆಳಿಗೆ ಹೆಂಗಸಿನ ದನಿ. ಕಣ್ಣು ಮಿಟುಕಿಸಿ ಹೇಳಿಸಲೂ ನೋಡಿದ್ದರಂತೆ. ರೆಪ್ಪೆ ತಾನಾಗಿಯೇ ಅದುರುತ್ತಿತ್ತು, ನಂಬುವ ಹಾಗಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಅವನು ನಿದ್ದೆಯಿಂದ ಎದ್ದವನು "ಫ್ಯಾನ್" ಅನ್ನಿಸಿದ. ಹಾಕಿದೆ.

"ಇಂಥಾ ಚಳ್ಯಾಗೆ ಫ್ಯಾನಾ? ಬಸ್ಸಿನ ಕಿಟಕಿ ಚಟ ಇನ್ನಾ ಬಿಟ್ಟಿಲ್ಲೇನಪ್ಪ?" ಎಂದು ಬೈದೆ ಕೂಡ.

ಅವನ ಹೆಂಡತಿ ರತ್ನಮ್ಮ ಬಂದು ಮುಖ ನೋಡಿದವಳೇ ಚಮಚದಲ್ಲಿ ನೀರು ಕೊಟ್ಟಳು. ಆಸೆಯಿಂದ ನುಂಗಿದ. ಮಿಷಿನ್ನಿಗೂ ಮರೆವು ಬಂದಿದೆ ಎಂದು ನಕ್ಕು ಸುಮ್ಮನಾದೆವು.

ಆ ವಾರವೇ ಡಾಕ್ಟರು ಬಂದು ನೇರವಾಗಿ ಹೇಳಿದರು. ಉಸಿರಿನ ಸ್ನಾಯು ಸೋಲುತ್ತಿದೆ. ಗಂಟಲಿಗೆ ತೂತು ಮಾಡಿ ಪೈಪ್ ಹಾಕಿ ವೆಂಟಿಲೇಟರಿಗೆ ಸೇರಿಸಿದರೆ ಇನ್ನಷ್ಟು ಕಾಲ ಇರುತ್ತಾನೆ, ಮಾತಂತೂ ಬರುವುದಿಲ್ಲ. ಬೆರಳು ಆಡುವಾಗಲೇ ಅವನನ್ನು ಕೇಳಿ ತೀರ್ಮಾನ ಮಾಡಿ ಎಂದರು.

ಹಿರೇಗುಂಟನೂರಿನಿಂದ ಅವನ ಅಣ್ಣ ಈರಣ್ಣ ಬಂದ. ಕುರಿ ಕಾಯುವವನು, ಕಂಬಳಿ ಹೊದ್ದೇ ಕುಂತ. ಊಟದ ನಂತರ, ತಿಪ್ಪೇಸ್ವಾಮಿ ಸುಮಾರು ಹೊತ್ತು ಸುಮ್ಮನೆ ಮಲಗಿದ್ದ ಮೇಲೆ, ರತ್ನಮ್ಮ ಕೇಳಿದಳು: "ಪೈಪ್ ಹಾಕ್ಸಾಣೇನ್ರಿ?"

ಬೆಳಕು ಸರಿಯಿತು. ಬೆರಳು ಒತ್ತಿದ್ದು ಕಂಡಿತು, ಆದರೆ ಯಾವ ಚೌಕಕ್ಕೆ ಒತ್ತಿದ ಎಂದು ಯಾರೂ ನೋಡಲಿಲ್ಲ. ಎಲ್ಲರೂ ಅವನ ಮುಖ ನೋಡುತ್ತಿದ್ದೆವು. ತಡೆದು ಕಂಪ್ಯೂಟರ್ "ಬೇಡ" ಅಂದಿತು.

ಈರಣ್ಣ ಕಂಬಳಿ ಎಳೆದುಕೊಂಡ. "ಆತು ಬಿಡವ್ವ. ಅವನೇ ಅಂದ್ನಲ್ಲ."

"ಅವರಲ್ಲ ಬಾವ, ಮಿಷಿನ್ ಅಂದಿದ್ದು. ಆವತ್ತು ನೀರಿಗೆ ಫ್ಯಾನ್ ಅಂತು. ನೀರಿನ ಪಕ್ಕ ಫ್ಯಾನ್ ಐತೆ, ಹೌದು ಪಕ್ಕ ಬೇಡ ಐತೆ. ಇವರು ಹೌದು ಅಂತಾನೇ ಒತ್ತಿದ್ದು!"

ಆಗಲೇ ಮತ್ತೆ ಕೇಳೋಣವೆಂದರೆ ಅವನ ಕಣ್ಣು ಮುಚ್ಚಿ ಹೋಗಿತ್ತು. ಅಷ್ಟಕ್ಕೇ ಸುಸ್ತು.

ಮರುದಿನ ಕಂಪ್ಯೂಟರ್ ರಿಪೇರಿಯ ಅನ್ವರ್ ಬಂದ. ಬೆಳಿಗ್ಗೆಯಿಂದ ಏನೂ ತಿನ್ನದ ರತ್ನಮ್ಮ ಅವನ ಬೆನ್ನ ಹಿಂದೆಯೇ ನಿಂತಳು. ಅನ್ವರ್ ಮೌಸಿಗೆ ಹೊಸ ಸೆಲ್ ಹಾಕಿದ. ಮೌಸಿನ ಸಿಗ್ನಲ್ ಹಿಡಿಯುವ, ಉಗುರಿನಷ್ಟಿದ್ದ ರಿಸೀವರನ್ನು ಕಂಪ್ಯೂಟರಿನ ಹಿಂದಿನಿಂದ ಕಿತ್ತು ಮುಂದಕ್ಕೆ ಚುಚ್ಚಿದ. ಕರೆಂಟ್ ಉಳಿಸಲು ಕಂಪ್ಯೂಟರ್ ತಾನೇ ಯುಎಸ್‌ಬಿಯನ್ನು ನಿಲ್ಲಿಸುವ ಸೆಟ್ಟಿಂಗ್ ಒಂದಿತ್ತಂತೆ, ಅದನ್ನು ತೆಗೆದ. ಆಮೇಲೆ ಟೀ ಕುಡಿಯುತ್ತ ಕುಂತುಬಿಟ್ಟ.

"ಮುಗೀತೇನಪ್ಪ?" ಅಂದೆ.

"ಇಲ್ಲಜ್ಜಿ, ಅದು ನಿದ್ದೆ ಹೋಗ್ಲಿ ಅಂತ ಕಾಯ್ತಾ ಇದೀನಿ."

ಟೀ ಮುಗಿಸಿ ಒತ್ತಿ ನೋಡಿದ. ಮೊದಲಿಗಿಂತ ವಾಸಿ, ಆದರೂ ತಡ.

"ಸೆಲ್ ಉಳಿಸಾಕೆ ಮೌಸೂ ಮಲಗ್ತೈತೆ. ನಾವಾದ್ರೆ ಅಲ್ಲಾಡಿಸಿ ಎಬ್ಬಿಸಿ ಆಮೇಲೆ ಒತ್ತೀವಿ. ಇವರು ಒತ್ತೋದೇ ಎಬ್ಬಿಸೋದು. ಅದು ಏಳೋ ಹೊತ್ತಿಗೆ ಬೆಳಕು ಮುಂದಿನ ಚೌಕಕ್ಕೆ ಹೋಗಿರ್ತೈತೆ. ಡ್ರೈವರಣ್ಣ, ಬ್ರೇಕ್ ಲೇಟಾಗಿ ಹಿಡಿಯೋ ಬಸ್ ಕೊಟ್ಟವ್ರೆ ನಿಮಗೆ."

ತಿಪ್ಪೇಸ್ವಾಮಿಯ ಬಾಯಿಯ ಒಂದು ಕೊನೆ ಎದ್ದಿತು. ಅದು ಅವನ ನಗು. ರತ್ನಮ್ಮನೂ ನಕ್ಕಳು. ಆ ಮನೆಯಲ್ಲಿ ಅವಳು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅನ್ವರ್ ಅಂಗಡಿಗೆ ಹೋಗಿ ವೈರ್ ಇರುವ ಮೌಸ್ ತಂದು ಜೋಡಿಸಿದ. ಸುಮಾರು ಹೊತ್ತು ಮುಟ್ಟದೆ ಬಿಟ್ಟು, ನೀರು ಕೇಳಿಸಿದೆವು. "ನೀರು" ಅಂತು. ಫ್ಯಾನ್ ಕೇಳಿಸಿದೆವು, ಅದೂ ಸರಿ. ಈ ಸಲ ಎಲ್ಲರೂ ಪರದೆಯನ್ನೇ ನೋಡುತ್ತ ನಿಂತೆವು. ರತ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳಿದಳು.

ಬೆಳಕು "ಹೌದು" ಮೇಲೆ ಬಂತು. ಬೆರಳು ಅಲ್ಲಾಡಲಿಲ್ಲ. "ಬೇಡ" ಮೇಲೆ ಬಂತು. ಒತ್ತಿದ.

"ಇನ್ನೊಂದ್ಸಲ ನೋಡ್ರಿ, ಅವಸರ ಮಾಡ್ಬ್ಯಾಡ್ರಿ," ಅಂದಳು.

ಬೇಡ.

"ನನ್ನ ಮುಖ ನೋಡ್ಕೊಂಡು ಹೇಳ್ರಿ."

ಅವಳನ್ನು ನೋಡಿದ. ಆಮೇಲೆ ಪರದೆಗೆ ಕಣ್ಣು ಹೊರಳಿಸಿ, ಬೆಳಕು ಸುತ್ತಿ ಬರುವವರೆಗೆ ಕಾದು "ಸಾಕು" ಎಂಬ ಚೌಕ ಒತ್ತಿದ. ಗಂಜಿ ಸಾಕು ಎನ್ನಲು ಇಟ್ಟಿದ್ದ ಚೌಕ ಅದು.

ಈರಣ್ಣ ಎದ್ದು ಅಂಗಳಕ್ಕೆ ಹೋದ. ಅನ್ವರ್ ಹಳೇ ಮೌಸನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ರತ್ನಮ್ಮ ಅವನ ಕೈ ಹಿಡಿದಳು.

"ಯಾಕಪ್ಪಾ ಸರಿ ಮಾಡ್ದೆ?"

ಮೌಸ್ ಕೆಟ್ಟಿದ್ದಷ್ಟು ಹೊತ್ತು ಅವಳ ಲೆಕ್ಕದಲ್ಲಿ ಗಂಡ ಬದುಕಬೇಕು ಅಂದಿದ್ದ. ಸರಿಯಾದ ಮೇಲೆ ಇಲ್ಲ.

ಯುಗಾದಿಗೆ ಮುಂಚೆ ತಿಪ್ಪೇಸ್ವಾಮಿ ಮನೆಯಲ್ಲೇ, ಪೈಪಿಲ್ಲದೆ ಹೋದ. ನಾನೇ ಮೈ ತೊಳೆದೆ. ಬೆನ್ನಿನಲ್ಲಿ ಒಂದೂ ಹುಣ್ಣಿರಲಿಲ್ಲ.

ಆಮೇಲೆಯೂ ಇಂಥ ಎರಡು ಮನೆಗಳಲ್ಲಿ ಕೆಲಸ ಮಾಡಿದೆ. ಸೇರಿದ ದಿನವೇ ವೈರ್ ಇರುವ ಮೌಸ್ ತರಿಸುತ್ತೇನೆ. ಇಲ್ಲವಾದರೆ ರೋಗಿಯನ್ನು ಏನಾದರೂ ಕೇಳುವ ಮೊದಲು ನಾನೇ ಮೌಸ್ ಅಲ್ಲಾಡಿಸಿ ಎಬ್ಬಿಸುತ್ತೇನೆ. ಮನೆಯವರಿಗೆ ಒಂದೇ ಮಾತು ಹೇಳುತ್ತೇನೆ: ಬರುವ ಉತ್ತರ ತಡಕೊಳ್ಳೋ ಹಾಗಿದ್ರೆ ಕೇಳ್ರಿ, ಇಲ್ದಿದ್ರೆ ನೀರು ಬೇಕಾ ಅಂತಷ್ಟೇ ಕೇಳ್ರಿ.