ಬಲಗಡೆಯ ಕಣಗಿಲೆ

ಆ ಕಾಲಕ್ಕೆ ನಮ್ಮ ಆದವಾನಿಯಲ್ಲಿ ದೇವರಿಗೆ ಬಿಡುವೆಂಬುದೇ ಇರಲಿಲ್ಲ. ಈಗಿನವರು ಡಾಕ್ಟರನ್ನೋ ವಕೀಲನನ್ನೋ ಕೇಳುವುದನ್ನೆಲ್ಲ ಆಗ ನಮ್ಮ ಓಣಿಯ ವೀರಭದ್ರನನ್ನೇ ಕೇಳುತ್ತಿದ್ದರು. ತಪ್ಪಿಸಿಕೊಂಡ ಎಮ್ಮೆ ಸಿಕ್ಕೀತೋ ಇಲ್ಲವೋ, ಹತ್ತಿ ಈ ವಾರ ಮಾರಬೇಕೋ ಮುಂದಿನ ವಾರವೋ, ಅಳಿಯ ಸಿಟ್ಟು ಮಾಡಿಕೊಂಡು ಹೋದವನು ಹಬ್ಬಕ್ಕೆ ಬಂದಾನೋ. ವೀರಭದ್ರ ಬಾಯಿಬಿಟ್ಟು ಹೇಳುವವನಲ್ಲ, ಹೂ ಕೊಡುತ್ತಿದ್ದ. ಪೂಜೆಯ ಅಯ್ಯನವರು ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎದೆಗೆ ಬಲಕ್ಕೊಂದು, ಎಡಕ್ಕೊಂದು ಹಚ್ಚುವರು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಎರಡೂ ಬೀಳದಿದ್ದರೆ ಮುಂದಿನ ಸೋಮವಾರ ಬರುವುದು. ಇಷ್ಟು ಚೊಕ್ಕ ಆಡಳಿತವನ್ನು ನಾನು ಆಮೇಲೆ ಯಾವ ಸರಕಾರದಲ್ಲಿಯೂ ಕಾಣಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ಯುದ್ಧ ನಡೆದಿತ್ತು. ಅಪ್ಪ ಊರಿನ ಸಾಹುಕಾರರೊಬ್ಬರ ರಂಗೂನಿನ ಬಟ್ಟೆಯಂಗಡಿಗೆ ಗುಮಾಸ್ತನಾಗಿ ಹೋಗಿ ಎರಡು ವರ್ಷವಾಗಿತ್ತು. ಜೊತೆಗೆ ಕೋಸಗಿಯ ಸಿದ್ದಪ್ಪನೂ ಹೋಗಿದ್ದ. ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು. ಅದರ ಕೊನೆಯ ಸಾಲು ಯಾವಾಗಲೂ ನನ್ನದು: ಗೌರಿಗೆ ಆಶೀರ್ವಾದ, ಮಗ್ಗಿ ಬಾಯಿಪಾಠ ಮಾಡಲು ಹೇಳುವುದು. ಆ ಚಳಿಗಾಲದಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತೆಂದು ಸುದ್ದಿ ಬಂತು. ಕಾಗದ ನಿಂತುಹೋಯಿತು. ನಾನು ಹದಿನೇಳರ ಮಗ್ಗಿಯಲ್ಲಿದ್ದೆ, ಅಲ್ಲೇ ನಿಂತೆ.

ಹತ್ತಿಯ ಸುಗ್ಗಿಯ ದಿನಗಳು ಅವು. ಪೇಟೆಯ ತುಂಬ ಹತ್ತಿಯ ಬಂಡಿಗಳು. ಗಿರಣಿಯ ಕಡೆಯಿಂದ ಹತ್ತಿಕಾಳಿನ ಎಣ್ಣೆಯ ಜಿಡ್ಡುವಾಸನೆ. ಗಾಳಿಯಲ್ಲಿ ಸದಾ ಬಿಳಿಯ ಎಳೆಗಳು ಹಾರಾಡುತ್ತಿದ್ದವು. ಮಜ್ಜಿಗೆಯಲ್ಲಿ ಬೀಳುತ್ತಿದ್ದವು, ಹೆರಳಿಗೆ ಅಂಟುತ್ತಿದ್ದವು. ಒಂದು ಎಳೆಯನ್ನು ನೆಲಕ್ಕೆ ಬೀಳಗೊಡದೆ ಬಾಯಿಂದ ಊದಿ ಊದಿ ಮೇಲೆಯೇ ಇಡುವುದು ನಮ್ಮ ಓಣಿಯ ಹುಡುಗಿಯರ ಆಟ. ನಾನು ಅದಕ್ಕೆ ನನ್ನದೇ ಒಂದು ಗುಟ್ಟಿನ ಕಾನೂನು ಸೇರಿಸಿದ್ದೆ. ಹತ್ತು ಉಸಿರು ಎಳೆ ಮೇಲೆ ನಿಂತರೆ ಇವತ್ತು ಕಾಗದ ಬರುತ್ತದೆ. ಎಷ್ಟೋ ದಿನ ಇಪ್ಪತ್ತು ಉಸಿರು ನಿಲ್ಲಿಸಿದೆ. ಅಂಚೆಯವನು ನಮ್ಮ ಬಾಗಿಲ ಮುಂದೆ ಬಂದು, ಕೇಳುವ ಮೊದಲೇ ‘ಲೇದಮ್ಮಾ’ ಎಂದು ತೆಲುಗಿನಲ್ಲಿ ಇಲ್ಲವೆಂದು ಹೇಳಿ ಹೋಗುತ್ತಿದ್ದ. ಆಮೇಲಾಮೇಲೆ ಪಾಪ, ನಮ್ಮ ಬಾಗಿಲು ತಪ್ಪಿಸಿ ಹಿಂದಿನ ಸಂದಿಯಿಂದ ಹೋಗಲು ಶುರುಮಾಡಿದ.

ಅಜ್ಜಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗಳಕ್ಕೆ ಬರುವಳು, ಒಳಗೆ ಹೋಗುವಳು, ಬಾವಿಗೆ ಹೋಗಿ ಕೊಡ ಮರೆತು ಬರುವಳು. ವೀರಭದ್ರನನ್ನು ಸೋಮವಾರ ತಪ್ಪದೆ ಪೀಡಿಸುತ್ತಿದ್ದ ಅಜ್ಜಿ ಈ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಎಮ್ಮೆಯ ವಿಷಯದಲ್ಲಿದ್ದ ಧೈರ್ಯ ಮಗನ ವಿಷಯದಲ್ಲಿ ಬರಲಿಲ್ಲ. ಅವ್ವ ಏನನ್ನೂ ಕೇಳುವವಳೇ ಅಲ್ಲ. ರೊಟ್ಟಿ ಬಡಿಯುವಳು, ಬತ್ತಿ ಹೊಸೆಯುವಳು, ಸಂಜೆ ದೇವರ ಗೂಡಿನಲ್ಲಿ ದೀಪ ಹಚ್ಚುವಳು. ಯಾರ ಮುಂದೆಯೂ ಅತ್ತವಳಲ್ಲ. ಇದರಿಂದ ಓಣಿಯ ಹೆಂಗಸರಿಗೆ ಬಹಳ ಅನನುಕೂಲವಾಯಿತು. ಸಮಾಧಾನ ಹೇಳಲು ಬಂದವರು ಸಮಾಧಾನವನ್ನು ಹಾಗೇ ವಾಪಸು ಒಯ್ಯಬೇಕಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಪೆದ್ದಹರಿವಾಣದಿಂದ ದೊಡ್ಡಪ್ಪ ಬಂಡಿ ಕಟ್ಟಿಕೊಂಡು ಬಂದ. ಅವನ ಮಗಳ ಮದುವೆ ಗೊತ್ತಾಗಿತ್ತು. ಕರೆಯಲು ಬಂದವನು ಕರೆಯದೆ ಪಡಸಾಲೆಯಲ್ಲಿ ಕೂತು ಎರಡು ಸಲ ಎಲೆಯಡಿಕೆ ಹಾಕಿ, ಎರಡು ಸಲ ಎದ್ದು ಎತ್ತಿಗೆ ನೀರು ಕುಡಿಸಿ ಬಂದ. ಕಡೆಗೆ ಅಜ್ಜಿಯ ಮುಂದೆ ಬಾಯಿಬಿಟ್ಟ.

“ನಾ ಕೆಟ್ಟಾವಲ್ಲವ್ವ. ಮಂದಿ ಕೇಳ್ತಾರ. ಐದು ತಿಂಗಳಾತು ಸುದ್ದಿ ಇಲ್ಲ. ನಾಳೆ ಚಪ್ಪರದಾಗ ಆರತಿ ಹಿಡಿಯಾಕ ಗೌರಿ ಅವ್ವನ್ನ ಕರೀಲೋ ಬ್ಯಾಡೋ? ವೀರಭದ್ರನ್ನ ಕೇಳೇಬಿಡೋಣು. ಬಲಕ್ಕ ಕೊಟ್ರ ಆಕಿನಾ ಮೊದ್ಲ ಆರತಿ ಎತ್ತಲಿ. ಎಡಕ್ಕ ಕೊಟ್ರ...”

ಮುಂದೆ ಹೇಳದೆ ತನ್ನ ಮಣಿಕಟ್ಟನ್ನು ಸವರಿಕೊಂಡ. ಬಳೆ ತೆಗೆಯುವುದೆಂದು ನನಗೂ ತಿಳಿಯಿತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಸೋಮವಾರ ಬೆಳಿಗ್ಗೆ ಎಲ್ಲರೂ ಗುಡಿಗೆ ಹೋದೆವು. ದೊಡ್ಡವರಿಗೆ ಉಪವಾಸ. ನನಗೆ ಮಾತ್ರ ಬಟ್ಟಲಿನಲ್ಲಿ ಬೆಲ್ಲ ಹಾಕಿದ ಜೋಳದ ಅಂಬಲಿ ಕೊಟ್ಟು ಗುಡಿಯ ಕಟ್ಟೆಯ ಮೇಲೆ ಕೂರಿಸಿದ್ದರು. ಅಯ್ಯನವರು ಎರಡು ಹೂಗಳನ್ನು ಹಚ್ಚಿ, ಗಂಟೆ ಬಾರಿಸುವ ಮೊದಲು ಇನ್ನೊಂದು ಕೊಡ ನೀರು ತರಲು ಬಾವಿಗೆ ಹೋದರು. ಅಜ್ಜಿ, ದೊಡ್ಡಪ್ಪ ಹೊರಗೆ ಕಣ್ಣು ಮುಚ್ಚಿ ಕೂತಿದ್ದರು. ಅವ್ವ ಕಂಬಕ್ಕೆ ಒರಗಿ ಬೀದಿಯ ಕಡೆ ನೋಡುತ್ತಿದ್ದಳು.

ದೇವರ ಮೇಲೆ ನನಗೆ ನಂಬಿಕೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನಂಬಿಕೆ ಬೇಕಾದಷ್ಟಿತ್ತು. ಆದರೆ ಆತ ಸಾವಿರ ಎಮ್ಮೆಗಳ ಲೆಕ್ಕ ನೋಡುವವನು. ಗಡಿಬಿಡಿಯಲ್ಲಿ ತಪ್ಪು ಹೂ ಬೀಳಿಸಿಬಿಟ್ಟರೆ? ಒಂದು ಚೂರು ನೆರವಾದರೆ ಆತನಿಗೂ ಅನುಕೂಲವೇ ಅಲ್ಲವೇ? ನಾನು ಒಳಗೆ ನುಗ್ಗಿ, ಬಟ್ಟಲಿನ ತಳದ ಗಟ್ಟಿ ಅಂಬಲಿಯನ್ನು ಬೆರಳಿಗೆ ತೆಗೆದುಕೊಂಡು, ಎಡಗಡೆಯ ಹೂವಿನ ಹಿಂದೆ ಮೆತ್ತಿ ಗಟ್ಟಿಯಾಗಿ ಒತ್ತಿದೆ. ಇನ್ನು ಅದು ಬೀಳುವ ಮಾತಿಲ್ಲ. ಬೆರಳು ನೆಕ್ಕಿಕೊಂಡು ಬಂದು ಕೂತೆ.

ಅಯ್ಯನವರು ಬಂದರು, ಗಂಟೆ ಬಾರಿಸಿದರು. ಎಲ್ಲರೂ ಹೊಸ್ತಿಲ ಮುಂದೆ ನಿಂತೆವು. ಅಜ್ಜಿ ದೊಡ್ಡಪ್ಪನ ತೋಳು ಹಿಡಿದು ಪಿಸುಗುಟ್ಟಿದಳು.

“ಆ ಕಡಿ ಏನ್ ನೋಡ್ತಿಯೋ? ದೇವ್ರು ನಮ್ಮ ಕಡಿ ಮಕ ಮಾಡಿ ನಿಂತಾನ. ನಮ್ಮ ಎಡಕ್ಕ ಐತಲ್ಲ, ಅದಾ ಆತನ ಬಲ.”

ಖಾತ್ರಿ ಮಾಡಿಕೊಳ್ಳಲು ದೇವರಂತೆಯೇ ಬೀದಿಯ ಕಡೆ ತಿರುಗಿ ನಿಂತು ನನ್ನ ಕೈಗಳನ್ನು ನೋಡಿಕೊಂಡೆ. ದೇವರಿಗೆ ಬೆನ್ನು ಮಾಡುತ್ತೀಯಾ ಎಂದು ಅಜ್ಜಿ ತಲೆಗೊಂದು ಮೊಟಕಿದಳು. ಅನುಮಾನವಿರಲಿಲ್ಲ. ಅಪ್ಪ ಇದ್ದಾನೆಂದು ಹೇಳಬೇಕಾದ ಹೂವನ್ನೇ ನಾನು ಅಂಟಿಸಿ ಕೂರಿಸಿದ್ದೆ. ಇಲ್ಲವೆನ್ನುವ ಹೂವಿಗೆ ತಡೆಯೇ ಇರಲಿಲ್ಲ.

ಬಿಸಿಲು ಏರಿತು. ಇಲ್ಲವೆನ್ನುವ ಹೂ ನಿಧಾನವಾಗಿ ಓರೆಯಾಯಿತು. ಒಂದು ಎಸಳು ಕಲ್ಲಿನಿಂದ ಬಿಟ್ಟುಕೊಂಡಿತು. ದೊಡ್ಡಪ್ಪ ಅಂಗವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದ. ಹೇಳಿಬಿಡುವ ಬದಲು ನಾನು ಒಳಗೊಳಗೇ ಹದಿನೇಳರ ಮಗ್ಗಿ ಹೇಳತೊಡಗಿದೆ. ಅಪ್ಪನ ಕಾಗದದ ಆಜ್ಞೆಯನ್ನು ಪಾಲಿಸಿದರೆ ಅಪ್ಪ ಉಳಿದಾನು ಎಂದೋ ಏನೋ. ಹದಿನೇಳೇಳಲ ಎಷ್ಟೆಂದು ಎಷ್ಟು ತಡಕಿದರೂ ಸಿಗಲಿಲ್ಲ.

ಆಗ ಇರುವೆಗಳು ಕಂಡವು. ಹೊಸ್ತಿಲ ಸಂದಿಯಿಂದ ಹೊರಟ ಕೆಂಪಿರುವೆಯ ಸಾಲು ಪೀಠವನ್ನು ಹತ್ತಿ, ವೀರಭದ್ರನ ಸೊಂಟದ ಕತ್ತಿಯನ್ನು ದಾಟಿ, ನೆಟ್ಟಗೆ ಎದೆಗೆ ಹೋಗುತ್ತಿತ್ತು. ಬೆಲ್ಲದ ವಾಸನೆ ಅವಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹೂವಿನ ಹಿಂದೆ ಅವು ಏನು ಮಾಡಿದವೋ. ಸ್ವಲ್ಪ ಹೊತ್ತಿಗೆ ಅಂಬಲಿ ಹಚ್ಚಿದ ಹೂ ಒಮ್ಮೆ ನಡುಗಿ, ಜಾರಿ, ದೇವರ ಪಾದದ ಮೇಲೆ ಬಿತ್ತು. ಓರೆಯಾಗಿದ್ದ ಇನ್ನೊಂದು ಹಾಗೇ ಓರೆಯಾಗಿ ಉಳಿಯಿತು.

ಅಯ್ಯನವರು ಬಿದ್ದ ಹೂವನ್ನು ಎತ್ತಿ ಅಜ್ಜಿಯ ಸೆರಗಿಗೆ ಹಾಕಿದರು. ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಇರುವೆ ರೆಪ್ಪೆಗೆ ಕಚ್ಚಿತು. ಧಾರಾಕಾರ ನೀರು ಸುರಿಯಿತು. ಆನಂದಬಾಷ್ಪವೆಂದು ಗುಡಿಯೇ ಕೊಂಡಾಡಿತು.

ವೈಶಾಖದಲ್ಲಿ ಅವ್ವ ಹಸಿರು ಬಳೆ ತೊಟ್ಟು ಪೆದ್ದಹರಿವಾಣದ ಚಪ್ಪರದಲ್ಲಿ ಮೊದಲ ಆರತಿ ಎತ್ತಿದಳು. ಎಲ್ಲರೂ ನೆಮ್ಮದಿಯಾದರು, ನನ್ನನ್ನು ಬಿಟ್ಟು. ಅಪ್ಪ ಬದುಕಿದ್ದಾನೆಂದು ಹೇಳಿದವನು ದೇವರೋ ಇರುವೆಯೋ ಎಂಬ ಪ್ರಶ್ನೆಯನ್ನು ಇಡೀ ಆದವಾನಿಯಲ್ಲಿ ನಾನೊಬ್ಬಳೇ ಹೊತ್ತು ತಿರುಗುತ್ತಿದ್ದೆ. ಆಟದಲ್ಲಿ ಮನಸ್ಸು ನಿಲ್ಲದು. ಅಂಬಲಿ ಕಂಡರೆ ಓಕರಿಕೆ. ಕಡೆಗೆ ಒಂದು ಮಧ್ಯಾಹ್ನ ಅವ್ವ ಬತ್ತಿ ಹೊಸೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವ್ವನ ಕೈ ನಿಲ್ಲಲಿಲ್ಲ.

“ಇರುವಿಗೆ ನೀ ಹೇಳಿ ಕಳ್ಸಿದ್ದೇನು?” ಎಂದಳು.

“ಇಲ್ಲ.”

“ಹಂಗಾರ ಸುಮ್ಕಿರು.”

“ಎಡಕ್ಕ ಬಿದ್ದಿದ್ರ, ಅವ್ವ?”

“ಬಿದ್ದಿದ್ರೂ ನಾ ಬಳಿ ತೆಗೀತಿದ್ದಿಲ್ಲ.”

ದೇವರ ಮಾತನ್ನು ಮೀರುತ್ತಿದ್ದೆಯಾ ಎಂದು ನಾನು ಬೆರಗಾಗಿ ಕೇಳಿದೆ. ಅವ್ವ ಹೊಸೆದ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಕೇಳಿದವ್ರು ನಿಮ್ಮಜ್ಜಿ, ನಿಮ್ಮ ದೊಡ್ಡಪ್ಪ. ಹೇಳಿದ್ರ ಅವರಿಗೆ ಹೇಳ್ಯಾನ. ನಾ ಆತನ್ನ ಏನೂ ಕೇಳಿಲ್ಲ. ದಿನಾ ದೀಪ ಹಚ್ತೀನಿ. ನನಗೂ ಆತಗೂ ಅಷ್ಟಾ ಮಾತು.”

ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ಮಾರನೆಯ ದಿನ ಅಂಚೆಯವನು ಹಿಂದಿನ ಸಂದಿ ಬಿಟ್ಟು ಮುಂಬಾಗಿಲಿಗೇ ಬಂದ. “ಉತ್ತರಂ ಕಾದಮ್ಮಾ, ಮನಿಷೇ ವಚ್ಚಾಡು” ಎಂದ. ಕಾಗದವಲ್ಲ, ಆಳೇ ಬಂದಿದ್ದಾನೆ ಎಂದು. ಅವನ ಹಿಂದೆ ಗಡ್ಡ ಬಿಟ್ಟ, ಕಾಲು ಬಾತ ಒಬ್ಬ ಮುದುಕ ನಿಂತಿದ್ದ. ಅವ್ವ ಬಿಸಿನೀರು ತಂದು ಕಾಲು ತೊಳೆಯಲು ಕೂತ ಮೇಲೆಯೇ ಅವನು ಅಪ್ಪನೆಂದು ನನಗೆ ಖಾತ್ರಿಯಾದದ್ದು. ಅಂಬಲಿ ಕೇಳಿ ಮೂರು ಬಟ್ಟಲು ಕುಡಿದ. ನನಗೂ ಅಂದಿನಿಂದ ಅಂಬಲಿ ಸೇರತೊಡಗಿತು. ಅಜ್ಜಿ ಗುಡಿಯಲ್ಲಿ ಹನ್ನೊಂದು ತೆಂಗಿನಕಾಯಿ ಒಡೆದು ಓಣಿಗೆಲ್ಲ ಹಂಚಿದಳು. ವೀರಭದ್ರನ ಕೀರ್ತಿ ರೈಲ್ವೆ ಸ್ಟೇಷನ್ನಿನ ತನಕ ಹಬ್ಬಿತು. ನಾನೂ ಇರುವೆಗಳನ್ನು ಕ್ಷಮಿಸಿ, ಆ ಹೂ ದೇವರೇ ಕೊಟ್ಟದ್ದೆಂದು ತೀರ್ಮಾನಿಸಿ, ಹದಿನೆಂಟರ ಮಗ್ಗಿಗೆ ಹೋದೆ.

ಮೂರು ದಿನ ಅಪ್ಪ ಬರೀ ನಿದ್ದೆ ಮಾಡಿದ. ನಾಲ್ಕನೆಯ ದಿನ ಅವ್ವನಿಗೆ, “ರಂಗೂನಿಂದ ನಡಕೋತ ಬರೋ ದಾರ್ಯಾಗ ಸಿದ್ದಪ್ಪಗ ಜ್ವರ ಬಂತು. ನಾನಾ ಮಣ್ಣು ಕೊಟ್ಟೆ” ಎಂದ. ಕೋಸಗಿಗೆ ಹೋಗಿ ಹೇಳಬೇಕು, ತನಗೆ ಆಗದು ಎಂದ. ಅವ್ವ ಮರುದಿನವೇ ರೊಟ್ಟಿ ಕಟ್ಟಿಕೊಂಡು ಅಪ್ಪನನ್ನೂ ನನ್ನನ್ನೂ ರೈಲು ಹತ್ತಿಸಿ ತಾನೂ ಹತ್ತಿದಳು.

ಸಿದ್ದಪ್ಪನ ಹೆಂಡತಿ ನೀಲವ್ವ ಅಪ್ಪನನ್ನು ಕಂಡವಳೇ ಹೊಸ್ತಿಲು ದಾಟಿ ಬೀದಿಗೆ ಓಡಿಬಂದು ಅವನ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಆದರೂ ನಗುತ್ತಲೇ ಇದ್ದಳು.

“ನಮ್ಮೋರು ಸಾವಕಾಶ ಬರ್ತಾರೇನ್ರಿ ಅಕ್ಕಾ? ನಮ್ಮೂರ ಗುಡ್ಯಾಗ ಮೂರು ಸಲ ಹೂ ಕೇಳೀನಿ. ಮೂರು ಸಲಾನೂ ಬಲಕ್ಕಾ ಕೊಟ್ಟಾನ.”

ಅಪ್ಪ ಗೋಡೆಯ ಕಡೆ ತಿರುಗಿದ. ಅವ್ವ ನೀಲವ್ವನ ಎರಡೂ ಕೈ ಹಿಡಿದು, ಹೇಳಬೇಕಾದದ್ದನ್ನು ಒಂದೇ ಮಾತಿನಲ್ಲಿ ಹೇಳಿದಳು. ಆಮೇಲಿನದನ್ನು ನಾನು ಬರೆಯಲಾರೆ. ಒಂದು ಮಾತ್ರ ನೆನಪಿದೆ. ನೆರೆಮನೆಯ ಮುದುಕಿಯೊಬ್ಬಳು ನೀಲವ್ವನ ಬಳೆಗೆ ಕೈ ಹಾಕಿದಾಗ ಅವ್ವ ಅದರ ಮೇಲೆ ತನ್ನ ಅಂಗೈ ಇಟ್ಟು, “ಇವತ್ತು ಬ್ಯಾಡ್ರಿ” ಎಂದಳು. ಆ ಕೈಯನ್ನು ರೈಲಿನ ಹೊತ್ತಾಗುವ ತನಕ ತೆಗೆಯಲಿಲ್ಲ.

ರೈಲಿನಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ನಾನು ಅವ್ವನ ಕಿವಿಯ ಹತ್ತಿರ ಬಾಯಿಟ್ಟೆ. ನಮ್ಮ ಹೂವಿಗಾದರೂ ಅಂಬಲಿ ಇತ್ತು. ನೀಲವ್ವನದಕ್ಕೆ ಯಾರೂ ಏನೂ ಮೆತ್ತಿರಲಿಲ್ಲ.

“ಆಕಿಗ್ಯಾಕ ಬಲಕ್ಕ ಕೊಟ್ಟ, ಅವ್ವ?”

“ಗೊತ್ತಿಲ್ಲ.”

“ನಿನಗ ಆತನ ಮ್ಯಾಲ ಸಿಟ್ಟು ಬಂದಿಲ್ಲೇನು?”

“ಬಂದೈತಿ” ಎಂದಳು.

ಮನೆ ಮುಟ್ಟಿದಾಗ ದೀಪದ ಹೊತ್ತು ಮೀರುತ್ತಿತ್ತು. ಆಗ ಬೆಂಕಿಕಡ್ಡಿ ಸಿಗುವುದೇ ಕಷ್ಟ. ಒಂದೊಂದನ್ನೂ ಎಣ್ಣೆಗಿಂತ ಜೋಪಾನ ಮಾಡುತ್ತಿದ್ದರು. ಅವ್ವ ಕಾಲು ತೊಳೆದು ಬಂದು ದೇವರ ಗೂಡಿನ ಮುಂದೆ ನಿಂತಳು. ಮೊದಲ ಕಡ್ಡಿಯನ್ನು ಎಷ್ಟು ಜೋರಾಗಿ ಗೀರಿದಳೆಂದರೆ ಅದು ಮುರಿಯಿತು. ಎರಡನೆಯದೂ ಮುರಿಯಿತು. ಅಜ್ಜಿ ಬಿದ್ದ ತುಂಡುಗಳನ್ನು ಆರಿಸಿಕೊಂಡಳು. ಅವ್ವ ಮೂರನೆಯ ಕಡ್ಡಿ ಗೀರಿ ದೀಪ ಹಚ್ಚಿದಳು. ಕೈ ಮುಗಿಯಲಿಲ್ಲ. ಸೆರಗು ಬಿಗಿದು ಜೋಳದ ಹಿಟ್ಟು ಕಲಸಲು ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಹೂ ಕೇಳಲಿಲ್ಲ. ಅಜ್ಜಿ ಕೂಡ ಎಮ್ಮೆಗಳನ್ನು ಕಾಲ್ನಡಿಗೆಯಲ್ಲೇ ಹುಡುಕತೊಡಗಿದಳು. ಈಗ ಆ ವೀರಭದ್ರನಿಗೆ ಬೆಳ್ಳಿಯ ಕವಚವಾಗಿದೆ. ಹೂ ಅಂಟುವುದೂ ಇಲ್ಲ, ಬೀಳುವುದೂ ಇಲ್ಲ. ದೇವರು ನಿವೃತ್ತನಾದಂತೆ ಹಾಯಾಗಿ ನಿಂತಿದ್ದಾನೆ. ಹತ್ತಿಯ ಎಳೆ ಊದುವ ಹುಡುಗಿಯರೂ ಓಣಿಯಲ್ಲಿಲ್ಲ. ಅವೆಲ್ಲ ಹೋದದ್ದಕ್ಕೆ ನನಗೆ ಅಂಥ ವ್ಯಥೆಯಿಲ್ಲ.

ಸುಖದ ದಿನಗಳಲ್ಲಿ ನಾನೂ ದೀಪ ಹಚ್ಚುತ್ತೇನೆ. ಆದರೆ ಆತನ ಮೇಲೆ ಸಿಟ್ಟು ಬಂದ ಸಂಜೆಗಳಲ್ಲಿ ನನ್ನ ದೇವರ ಗೂಡು ಕತ್ತಲಲ್ಲೇ ಉಳಿದದ್ದುಂಟು. ಪೆಟ್ಟಿಗೆಯ ತುಂಬ ಬೆಂಕಿಕಡ್ಡಿಗಳಿರುತ್ತವೆ. ಎರಡು ಮುರಿದ ಮೇಲೆ ಮೂರನೆಯದನ್ನು ಗೀರಿದ ಆ ಕೈ ಅವ್ವನ ಜೊತೆಯಲ್ಲೇ ಹೋಯಿತು.