ವ್ಯಾನಿಗೆ ಮಡಿ ನೀರು

ಆ ದಿನಗಳಲ್ಲಿ ಶಹಾಬಜಾರದ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಅದು ಯಾರ ಕೆಮ್ಮು ಎಂದು ಒಳಗೆ ಕೂತೇ ಹೇಳಬಹುದಿತ್ತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ, ಕೆಮ್ಮಿಯೇ ತೋರಿಸುತ್ತಿದ್ದೆ. ಎಲ್ಲರನ್ನೂ ಅನುಕರಿಸುತ್ತಿದ್ದ ನಾನು ಕ್ಲಾಸಿನ ಜಾಣರನ್ನು ಮಾತ್ರ ಬಿಟ್ಟಿದ್ದೆ. ಅದರ ಫಲ ಪ್ರಗತಿಪತ್ರದಲ್ಲಿ ಕಾಣುತ್ತಿತ್ತು.

ನಮ್ಮಜ್ಜ ಪೂಜೆ ಮಾಡಿಸುವವರು, ಓಣಿಗೆಲ್ಲ ಆಚಾರ್ರು. ಶ್ರಾವಣದ ಶನಿವಾರಗಳಲ್ಲಿ ಕಮಲಾಪುರದ ಒಂದು ಮನೆಯ ಪೂಜೆ ಅವರದು. ಮಿಂದು, ರೇಷ್ಮೆಯ ಮುಕಟಾ ಉಟ್ಟು, ಯಾರನ್ನೂ ಮುಟ್ಟದೆ ಮಡಿಯಲ್ಲೇ ಅಲ್ಲಿಗೆ ತಲುಪಬೇಕು. ಬಸ್ಸಿನಲ್ಲಿ ಅದು ಆಗದ ಮಾತು. ಹಾಗಾಗಿ ಹಿಂದಿನ ಓಣಿಯ ರಶೀದ ಚಾಚಾನ ವ್ಯಾನು. ಚಾಚಾ ಮತ್ತು ನಮ್ಮಪ್ಪ ಒಂದೇ ಶಾಲೆಗೆ ಹೋಗಿ ಒಟ್ಟಿಗೇ ಫೇಲಾದವರು. ಅಷ್ಟು ಗಟ್ಟಿ ದೋಸ್ತಿ. ಮುಂದಿನ ಎಡ ಸೀಟಿಗೆ ಮಡಿಯ ಉಣ್ಣೆ ಧಾಬಳಿ ಹಾಸಿಕೊಂಡು ಅಜ್ಜ, ಹಿಂದೆ ಹೂವಿನ ಬುಟ್ಟಿಯ ಜೊತೆ ನಾನು. ನನಗೂ ಒಂದು ಹಳೆಯ ಕೆಂಪು ಮುಕಟಾ ಸುತ್ತಿರುತ್ತಿದ್ದರು. ಅರ್ಧ ಸುಲಿದ ಕಮಲಾಪುರದ ಕೆಂಪು ಬಾಳೆಹಣ್ಣಿನ ಹಾಗೆ ಕಾಣುತ್ತಿದ್ದೆ.

ಪೆಟ್ರೋಲು, ತುಳಸಿ, ಒದ್ದೆ ಮಣ್ಣು, ಮೂರೂ ಸೇರಿದ ವಾಸನೆ ಆ ವ್ಯಾನಿನದು. ಮಳೆ ಬಂದರೆ ನನ್ನ ಆಟ ಶುರು. ಎರಡೂ ಕೈ ಎತ್ತಿ, ಗಾಜು ಒರೆಸುವ ವೈಪರಿನಂತೆ ಓಲಾಡುತ್ತ 'ಕಿರ್ರ್ ಟಪ್' ಅನ್ನುತ್ತಿದ್ದೆ. ಚಾಚಾ ನಕ್ಕು, ನಾನೂ ನಿಲ್ಲುತ್ತೇನೋ ನೋಡಲು ಸ್ವಿಚ್ಚು ಬಂದ್ ಮಾಡುತ್ತಿದ್ದರು, ಆದರೂ ಕಡ್ಡಿಗಳು ನಡುವೆ ನಿಲ್ಲದೆ ತಮ್ಮ ಜಾಗಕ್ಕೆ ಹೋಗಿಯೇ ಮಲಗುತ್ತಿದ್ದವು.

ಅದು ಹೇಗೆಂದು ಕೇಳಿದಾಗ ಹೇಳಿದ್ದರು: "ಒಳಗ ಮೋಟರ್ ಒಂದೇ ಕಡಿ ಗಿರಗಿರ ತಿರಗತದಪ್ಪಾ. ಅದಕ ಕಟ್ಟಿದ ಕಬ್ಬಿಣದ ಪಟ್ಟಿ ಸುತ್ತಲಾರದ ಹೋಗಿ ಬರ್ತದ, ಹೋಗಿ ಬರ್ತದ. ನಿಮ್ಮವ್ವಾರ ಮುಂದ ನಿಮ್ಮಪ್ಪ ಮಾಡಿದಂಗ. ಮಲಗೂ ಜಾಗಾ ಬರೂತನ ಮೋಟರಿಗಿ ಕರೆಂಟ್ ಇರ್ತದ."

ನೀರಿಗೆ ಬೇರೆ ಏರ್ಪಾಡು. ಒಂದು ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಪುಟ್ಟ ಪಂಪು, ಸಣ್ಣ ನಳಿಗೆ, ಗಾಜಿನ ಬುಡದಲ್ಲಿ ಸೂಜಿಯ ತೂತು. ಗುಂಡಿ ಒತ್ತಿದರೆ ಅಲ್ಲಿಂದ ಚಿಳ್ಳನೆ ಚಿಮ್ಮುತ್ತಿತ್ತು. "ಮೊದಲ ನೀರು, ಆಮ್ಯಾಲ ಒರಸೋದು. ಒಣಾ ಒರಸಿದಿ ಅಂದ್ರ ಕೆಸರು ಬಳದಂಗ ಆಗತದ."

ಆ ವರ್ಷದ ಮೊದಲ ಶನಿವಾರ, ಊರು ದಾಟಿದ ಮೇಲೆ, ಲಾರಿಯೊಂದು ಗಾಜಿಗೆ ಕೆಸರು ಹಾರಿಸಿ ಹೋಯಿತು. ಚಾಚಾ ಗುಂಡಿ ಒತ್ತಿದರು. ಹಿಂದಿನ ದಿನವಷ್ಟೇ ಸೂಜಿ ಹಾಕಿ ತೂತು ಬಿಡಿಸಿದ್ದರಿಂದ ಅದರ ಮೋರೆ ಓರೆಯಾಗಿತ್ತು. ನೀರು ಗಾಜಿಗೆ ಬೀಳಲಿಲ್ಲ. ಗಾಳಿಗೆ ಸಿಕ್ಕು ಎಡ ಕಿಟಕಿಯಿಂದ ಒಳಬಂದು ಅಜ್ಜನ ಕೆನ್ನೆಗೆ, ಎದೆಗೆ ಹೊಡೆಯಿತು. ನಾನು ಕಿಸಕ್ಕೆಂದೆ. ಚಾಚಾನೂ ನಕ್ಕರು. ಅಜ್ಜ ನಗಲಿಲ್ಲ.

"ರಶೀದ್, ಇದು ಎಲ್ಲೀ ನೀರು?"

"ನಮ್ಮನೀದೇ ರೀ ಆಚಾರ್ರೇ. ಮುಂಜಾನೆ ತುಂಬೀನಿ."

"ನಿಮ್ಮನೀದು," ಎಂದರು ಅಜ್ಜ. ಅಷ್ಟೇ. ಕಮಲಾಪುರದಲ್ಲಿ ಮತ್ತೆ ಸ್ನಾನ ಮಾಡಿದರು. ಪೂಜೆ ತಡವಾಯಿತು.

ಮುಂದಿನ ಶನಿವಾರ ಅಜ್ಜ ತಾಮ್ರದ ಕೊಡದಲ್ಲಿ ನಮ್ಮ ಹಿತ್ತಲ ಬಾವಿಯ ನೀರು ಸೇದಿ ತಂದು ವ್ಯಾನಿನ ಮುಂದೆ ನಿಂತರು. "ಡಬ್ಬಿ ಖಾಲಿ ಮಾಡು. ನಾನ ಹಾಕ್ತೀನಿ. ನೀ ಈಚಿಗಿ ಸರಿ."

ಮಂತ್ರ ಒಂದು ಬಾಕಿ. ವ್ಯಾನಿಗೆ ಮುಂಜಿ ಆಗುತ್ತಿದೆ ಎಂದು ನಾನು ಓಣಿಗೆಲ್ಲ ಕೇಳುವಂತೆ ಅಜ್ಜನ ದನಿಯಲ್ಲೇ ಕೂಗಿದೆ. ಎಲ್ಲರೂ ನಕ್ಕರು. ಚಾಚಾ ನಗುತ್ತಲೇ ಅಂದರು, "ಹಾಕ್ರಿ, ನಂದೇನದ. ಆದ್ರ ಬಾವಿ ನೀರು ಗಡಸು ಅದರೀ. ತಳದ ರಾಡಿನೂ ಬರ್ತದ. ತೂತು ಕಟ್ಟತದ."

"ನಮ್ಮ ಹಿರ್ಯಾರು ಕುಡದ ನೀರದು."

"ಹಿರ್ಯಾರ ಗಂಟಲ ದೊಡ್ಡದಿತ್ತು ರೀ. ಇದರದು ಸೂಜಿಯಷ್ಟದ."

ಅಜ್ಜ ಕೊಡದ ನೀರನ್ನು ಡಬ್ಬಿಗೆ ಸುರಿದು ಹೋಗಿ ಕೂತರು. ಅಪ್ಪ ಹೊಸ್ತಿಲಲ್ಲೇ ನಿಂತಿದ್ದರು.

ಅದರ ಮುಂದಿನ ಶನಿವಾರ ಮತ್ತೊಂದು ಲಾರಿ, ಮತ್ತಷ್ಟು ಕೆಸರು. ಚಾಚಾ ಗುಂಡಿ ಒತ್ತಿದರು. ಪಂಪು ಗುಂಯ್ ಅಂದಿತು, ಹನಿಯೂ ಬರಲಿಲ್ಲ. ಒಣ ಗಾಜಿನ ಮೇಲೆ ರಬ್ಬರು ಎಳೆದಾಡಿ ಇಡೀ ಗಾಜಿಗೆ ಸೆಗಣಿ ಸಾರಿಸಿದಂತಾಯಿತು. ಎದುರಿನಿಂದ ಹಾರ್ನು ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ. ಚಾಚಾ ಕಿಟಕಿಯಿಂದ ತಲೆ ಹೊರಹಾಕಿ, ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು.

ಅಜ್ಜನ ತೊಡೆಯ ಮೇಲೆ ಪೂಜೆಯ ನೀರಿನ ತಂಬಿಗೆ ಇತ್ತು.

"ಆಚಾರ್ರೇ, ಒಂದೀಟು ನೀರು ನೀವೇ ಮ್ಯಾಲಿಂದ ಸುರೀರಿ. ಕಾಂಚ್ ಒರಸ್ತೀನಿ. ತಂಬಗಿ ಮುಟ್ಟಂಗಿಲ್ಲ."

ಅಜ್ಜ ತಂಬಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. "ಇದು ದೇವರದು."

"ಹಿಂದ ಕೂಸು ಕುಂತದ ರೀ," ಎಂದರು ಚಾಚಾ, ಮೆಲ್ಲಗೆ.

ಅಜ್ಜ ಮುಂದೆ ನೋಡುತ್ತ ಕೂತರು. ಮುಂದೆ ನೋಡಲು ಕೆಸರಿನ ಹೊರತು ಏನೂ ಇರಲಿಲ್ಲ. ಚಾಚಾ ಇಳಿದು, ರಸ್ತೆಯ ಗುಂಡಿಯಲ್ಲಿ ನಿಂತ ನೀರಿನಲ್ಲಿ ತಮ್ಮ ಕಿಸೆಯ ದಸ್ತಿ ಅದ್ದಿ ಗಾಜು ಒರೆಸಿದರು. ತಮ್ಮ ಕಡೆಯದು, ಆಮೇಲೆ ಅಜ್ಜನ ಕಡೆಯದೂ. ಬಂದು ಕೂತು ಗಾಡಿ ಬಿಟ್ಟರು. ಪ್ರತಿ ಸಲ ಮರಳುವಾಗ ಕಮಲಾಪುರದಲ್ಲಿ ನನಗೆ ಕೆಂಪು ಬಾಳೆಹಣ್ಣು ಕೊಡಿಸುತ್ತಿದ್ದವರು ಆ ದಿನ ಗಾಡಿ ನಿಲ್ಲಿಸಲಿಲ್ಲ.

ಮುಂದಿನ ಶನಿವಾರ ಅಜ್ಜ ಮುಕಟಾ ಉಟ್ಟು ಕಟ್ಟೆಯ ಮೇಲೆ ಕೂತೇ ಇದ್ದರು. ವ್ಯಾನು ಬರಲಿಲ್ಲ. ಕರೆದು ಬರ್ರಿ ಎಂದು ಅವ್ವ ಅಪ್ಪನಿಗೆ ಹೇಳಿದಳು. "ಅಂವನೇ ಬರ್ತಾನ ಬಿಡು," ಎಂದರು ಅಪ್ಪ. ಅವರು ಬರಲಿಲ್ಲ, ಇವರು ಹೋಗಲಿಲ್ಲ. ಮರುವರ್ಷ ಕಮಲಾಪುರದವರು ಬಸ್ಸಿನಲ್ಲಿ ಬರುವ ಬೇರೆ ಆಚಾರ್ರನ್ನು ನೋಡಿಕೊಂಡರು. ಅಜ್ಜ ಆ ಊರಿನ ಹೆಸರು ಮತ್ತೆ ಎತ್ತಲಿಲ್ಲ.

ಈಗ ನಾನು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕೊನೆಗೂ ಕೆಮ್ಮಿದ್ದಕ್ಕೆ ಚಪ್ಪಾಳೆ ಸಿಗುತ್ತದೆ. ಮೊನ್ನೆ ಸ್ಟೇಶನ್ ಬಜಾರದ ಆಟೋ ಸ್ಟ್ಯಾಂಡಿನಲ್ಲಿ ಬಿಳಿ ಗಡ್ಡದ ಒಬ್ಬರು ನನ್ನ ಹೆಸರು ಹಿಡಿದು ಕರೆದರು. ಚಾಚಾ. ಚಹಾ ಕುಡಿಸಿದರು. ಅಪ್ಪ, ಅವ್ವ, ನನ್ನ ಕೆಲಸ ಎಲ್ಲ ಕೇಳಿ, ಕೊನೆಗೆ ಕೇಳಿದರು:

"ಆಚಾರ್ರು ಹೆಂಗ ಇದ್ದಾರ?"

"ಹೋದ್ರು ಚಾಚಾ. ಹೋದ ವರ್ಷ."

ಅವರು ಕಪ್ಪು ಕೆಳಗಿಟ್ಟರು. "ನನಗ ಯಾರೂ ಹೇಳಲಿಲ್ಲ."

ಅವರ ಮನೆ ಇನ್ನೂ ನಮ್ಮ ಹಿಂದಿನ ಓಣಿಯಲ್ಲೇ ಇದೆ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಡಾಕ್ಟರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅವರಿಗೆ.