ಕಡೆಯ ನುಡಿಯಲ್ಲಿ ನನ್ನ ಹೆಸರು

ನಮ್ಮ ಕಡೆ ಗೀಗೀ ಪದ ಹಾಡುವವರಲ್ಲಿ ಒಂದು ರೂಢಿ ಇದೆ. ಪದ ಎಷ್ಟೇ ಉದ್ದವಿರಲಿ, ಕಡೆಯ ನುಡಿಯಲ್ಲಿ ಊರಿನ ಹೆಸರು, ಕಟ್ಟಿದವರ ಹೆಸರು ಬಂದೇ ಬರಬೇಕು. ಅದಕ್ಕೆ ಮುದ್ರೆ ಎನ್ನುತ್ತಾರೆ. ಮುದ್ರೆ ಯಾರದೋ ಪದ ಅವರದು. ಅದಕ್ಕೆ ಕಾಗದ ಬೇಡ, ಸಾಕ್ಷಿ ಬೇಡ. ನಾನು ಎಂಟು ವರ್ಷ ಪದ ಕಟ್ಟಿದೆ, ಎಂಟು ವರ್ಷವೂ ಕಡೆಯ ನುಡಿಯಲ್ಲಿ ಗುರುಗಳ ಹೆಸರು ಹಾಡಿದೆ. ಮೇಳದಲ್ಲಿ ಯಾರೇ ಕಟ್ಟಲಿ, ಮುದ್ರೆ ಗುರುವಿನದೇ. ಅದರಲ್ಲಿ ತಪ್ಪಿದೆ ಎಂದು ಮೊದಮೊದಲು ನನಗೆ ಅನಿಸಿರಲಿಲ್ಲ. ಅನಿಸಿದ ಮೇಲೆ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ.

ನಾನು ಹುಕ್ಕೇರಿ ತಾಲೂಕಿನವಳು, ತವರು ದಡ್ಡಿಯ ಹತ್ತಿರ. ಸ್ವಾತಂತ್ರ್ಯ ಬಂದ ಮರುವರ್ಷ ಮೂಡಲಗಿಗೆ ಕೊಟ್ಟರು. ಎರಡನೆಯ ವರ್ಷಕ್ಕೆ ಗಂಡ ಜ್ವರದಿಂದ ತೀರಿಕೊಂಡ. ನಮ್ಮ ಓಣಿಯಲ್ಲೇ ಗುರುಗಳ ಮನೆ. ಕಸ ತೆಗೆಯುವಾಗ ನಾನು ಗುನುಗುವುದನ್ನು ಕೇಳಿ ಅವರೇ ಕರೆದು ಮೇಳಕ್ಕೆ ಸೇರಿಸಿಕೊಂಡರು. ಗಂಡ ಸತ್ತವಳನ್ನು ದಪ್ಪು ಬಾರಿಸುವವರ ಮುಂದೆ ನಿಲ್ಲಿಸಿದರೆಂದು ಮಂದಿ ಅವರಿಗೆ ಬೈದರು. ಅವರು ಜಗ್ಗಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ.

ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಇದನ್ನು ಬರೆಯುವಷ್ಟು ಕಲಿತದ್ದು ಬಹಳ ವರ್ಷಗಳ ಮೇಲೆ. ಹೊಲದಲ್ಲಿ ಒಂದು ನುಡಿ ಕಟ್ಟಿದರೆ ಸೆರಗಿಗೆ ಒಂದು ಗಂಟು ಹಾಕುತ್ತಿದ್ದೆ. ಸಂಜೆ ಮನೆಗೆ ಬಂದು ಗಂಟು ಮುಟ್ಟಿ ಮುಟ್ಟಿ ನುಡಿಗಳನ್ನು ನೆನಪಿಸಿಕೊಳ್ಳುವುದು, ಬಾಯಿಗೆ ಕೂತವೆಂದು ಖಾತ್ರಿಯಾದರೆ ಬಿಚ್ಚುವುದು. ಹಾಗೆ ಹನ್ನೆರಡು ಗಂಟು ಹಾಕಿ ಕಟ್ಟಿದ್ದು ಹೊಳೆಯ ಪದ. ಪಂಚಮಿಗೆ ತವರಿಗೆ ಹೊರಟವಳು ತುಂಬಿದ ಘಟಪ್ರಭೆಯ ದಂಡೆಯಲ್ಲಿ ನಿಂತು ಹೊಳೆಯ ಜೊತೆ ಜಗಳವಾಡುವ ಪದ ಅದು.

‘ಹೊಳಿಯವ್ವ ನೀ ಹಾದಿ ಬಿಡ, ನನ ತವರ ಆಚೀ ದಂಡಿ,
ಹಡದಾಕಿ ನಿಂತ ಕಾಯತಾಳ, ಕೈಯಾಗ ಹಿಡದ ಗಿಂಡಿ.’

ಆ ಪದಕ್ಕೆ ಹೆಂಗಸರು ಅಳುತ್ತಿದ್ದರು. ಅತ್ತವರು ಬಂದು ಗುರುಗಳ ಕಾಲು ಮುಟ್ಟುತ್ತಿದ್ದರು. ‘ಎಂಥಾ ಪದಾ ಕಟ್ಟೀರ್ರಿ’ ಎನ್ನುತ್ತಿದ್ದರು. ನಾನು ಬಾಜೂಕ ತಾಳ ಹಿಡಿದುಕೊಂಡು ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಹೋಳಿ ಹುಣ್ಣಿವೆ ಮುಗಿದ ಮೇಲೆ ಕೇಳಿಯೇಬಿಟ್ಟೆ. ‘ಗುರುಗಳ, ಹೊಳೀ ಪದಕ್ಕ ನನ್ನ ಮುದ್ರಿ ಹಾಕ್ಕೊತೀನ್ರಿ.’

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ‘ನಾನೂ ನಮ್ಮ ಗುರುವಿನ ಮುದ್ರಿ ಇಪ್ಪತ್ತ ವರ್ಷ ಹಾಡೇನಿ. ಅವರ ಮಣ್ಣಾದ ಮ್ಯಾಲ ನಂದು ಬಂತು. ನಿನಗ ಏನ್ ಅವಸರ ಐತಿ?’

‘ನಿಮ್ಮ ಮಣ್ಣಾಗಲಿ ಅಂತ ಕಾಯಾಕ ನನಗ ಮನಸಿಲ್ರಿ.’

ಮಾತು ಒರಟಾಯಿತು, ಗೊತ್ತು. ಆದರೆ ಆಡಿದ್ದು ಮನಸ್ಸಿನಿಂದಲೇ. ಅವರ ಕಾಲಿಗೆ ಬಿದ್ದು ಮೇಳ ಬಿಟ್ಟು ತವರಿಗೆ ಬಂದೆ.

ಇಲ್ಲಿ ನನ್ನ ಮೇಳವೆಂದರೆ ಮೂರೇ ಮಂದಿ. ದಪ್ಪಿಗೆ ಅಪ್ಪನ ತಮ್ಮ, ನಮ್ಮ ಕಾಕಾ. ಹಿಂದೆ ನಿಂತು ತುಂತುಣಿ ಬಾರಿಸುತ್ತ ಗೀಗೀ ಎನ್ನಲು ಅಣ್ಣನ ಹೆಂಡತಿ, ವೈನಿ. ಮುಂದೆ ನಾನು. ಕಣಗಲಾದಲ್ಲಿ ತೊಟ್ಟಿಲ ಕಾರ್ಯಕ್ಕೆ ಹಾಡಿದೆವು, ಹುಕ್ಕೇರಿ ಸಂತೆಯಲ್ಲಿ ಹಾಡಿದೆವು. ಹತ್ತರಗಿಯಲ್ಲಿ ದೊಡ್ಡ ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ಬಂಡಿ ನಿಲ್ಲಿಸಿ, ಅದರ ಮೇಲೆ ನಿಂತು ಹಾಡಿದಾಗ ಲಾರಿಯವರು ಸಹ ಇಳಿದು ಬಂದರು. ಕಡೆಯ ನುಡಿಯಲ್ಲಿ ನನ್ನ ಹೆಸರು ಬಂದದ್ದೇ ತಡ, ಒಬ್ಬ ಮುದುಕ ಎದ್ದು ನಿಂತ.

‘ಮುದ್ರಿಯೊಳಗ ಗುರುವಿನ ಹೆಸರ ಇಲ್ಲದ ಪದಾ ಎಂಥಾ ಪದಾನಬೇ? ಯಾರ ಮ್ಯಾಳದಾಕಿ ನೀ?’

‘ನನ್ನ ಮ್ಯಾಳದಾಕೀನ ಅದೀನಿ, ಅಜ್ಜಾರ. ಪದಾ ಬ್ಯಾಸರಾತೇನು?’

‘ಪದಾ ಛಲೋ ಐತಿ,’ ಎಂದ ಮುದುಕ, ‘ನೀನ ಸರಿ ಇಲ್ಲ.’

ಜನ ನಕ್ಕರು, ನಾನೂ ನಕ್ಕೆ. ಅಂದಿನಿಂದ ಒಂದು ಪಾಠ ಕಲಿತೆ. ಮುದ್ರೆ ಹಾಡುವಾಗ ಕಣ್ಣು ಮುಚ್ಚಬಾರದು, ಎದುರಿಗೆ ಕೂತವರ ಕಣ್ಣಲ್ಲಿ ಕಣ್ಣಿಟ್ಟು ಹಾಡಬೇಕು. ಅಂಜಿದೆಯೋ ಅವರು ಎದ್ದು ನಿಲ್ಲುತ್ತಾರೆ.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಮುಂಬಯಿಯ ಪ್ಲೇಟಿನ ಕಂಪನಿಯವನೊಬ್ಬ ಗೋಕಾಕಕ್ಕೆ ಬಂದ. ಹಾಡನ್ನು ಟೇಪಿನ ಸುರುಳಿಯ ಮೇಲೆ ಹಿಡಿದು, ಮುಂಬಯಿಗೆ ಒಯ್ದು, ಗ್ರಾಮೋಫೋನಿನ ಪ್ಲೇಟು ಮಾಡುವವನು. ಹುಕ್ಕೇರಿ ಸಂತೆಯಲ್ಲಿ ನಮ್ಮನ್ನು ಕೇಳಿ ಮೆಚ್ಚಿ, ಮುಂದಿನ ತಿಂಗಳು ಬನ್ನಿ ಎಂದ. ಹೊಳೆಯ ಪದವೇ ಬೇಕೆಂದ. ಆದರೆ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂರು ಮಿನಿಟಂತೆ. ನಮ್ಮ ಪದ ನಿಂತು ಹಾಡಿದರೆ ಮುಕ್ಕಾಲು ತಾಸು.

‘ಕಡೀ ನುಡಿ ಬಿಟ್ಟಬಿಡ್ರಿ ಬಾಯಾರ,’ ಎಂದ ಅವನು. ‘ನಿಮ್ಮ ಹೆಸರ ಪ್ಲೇಟಿನ ಮ್ಯಾಲ ಛಾಪಿಸ್ತೀವಿ. ಹಾಡಿನಾಗ ಯಾಕ ಬೇಕು?’

‘ನಮ್ಮ ಮಂದಿಗೆ ಓದಾಕ ಬರೂದಿಲ್ರಿ ಸಾಹೇಬ್ರ. ಕಿವಿ ಅದಾವು. ಕಿವಿಗೆ ಬೀಳದ ಹೆಸರ ಹೆಸರಲ್ಲ.’

ಹನ್ನೆರಡು ನುಡಿಯಲ್ಲಿ ಮೂರು ಇಟ್ಟುಕೊಂಡು, ಮತ್ತೆ ಮತ್ತೆ ತಿರುಗಿಸಿ ಹಾಡುವುದನ್ನು ಬಿಟ್ಟೆ. ಪದದ ಮೊದಲಿಗೆ ಹಾಡುವ ಗುರುಸ್ತುತಿಯನ್ನೂ ತೆಗೆದೆ. ಸ್ತುತಿ ಇಲ್ಲದೆ ದಪ್ಪು ಮುಟ್ಟುವುದಿಲ್ಲವೆಂದು ಕಾಕಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಕೊನೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆಂದು ಒಪ್ಪಿದ. ನಮ್ಮ ಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ವೈನಿ ಶಾಲೆಯ ಗಡಿಯಾರದ ಮುಂದೆ ಒಂದು ಸಲ ನಿಂತು ಬಂದು, ಮೂರು ಮಿನಿಟೆಂದರೆ ಎರಡು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು ಎಂದು ಲೆಕ್ಕ ಹಾಕಿದಳು. ದಿನಾ ಮುಂಜಾನೆ ಅವಳು ಒಲೆಯ ಮುಂದೆ, ನಾನು ಹೊಸ್ತಿಲಲ್ಲಿ. ಎರಡನೆಯ ರೊಟ್ಟಿ ಬುಟ್ಟಿಗೆ ಬೀಳುವುದರೊಳಗೆ ನನ್ನ ಹೆಸರು ಬಾಯಿಂದ ಹೊರಗೆ ಬಂದಿರಬೇಕು. ತಿಂಗಳು ತುಂಬುವಷ್ಟರಲ್ಲಿ ಪದ ಹದಕ್ಕೆ ಬಂತು.

ಗೋಕಾಕದಲ್ಲಿ ಒಂದು ಮಾಳಿಗೆಯ ಕೋಣೆ. ಕಿಟಕಿಗಳಿಗೆಲ್ಲ ಕೌದಿ ಹೊದಿಸಿದ್ದರು. ಮುಂದೆ ಕಬ್ಬಿಣದ ಕೋಲಿನ ಮೇಲೆ ಮೈಕು, ಮೂಲೆಯಲ್ಲಿ ಮಷೀನು, ಅದರ ಹಿಂದೆ ಕಂಪನಿಯವನು. ಕೇಳುವವರು ಯಾರೂ ಇಲ್ಲ. ಒಂದು ಸಲ ದಪ್ಪಿನ ಸಪ್ಪಳ ಹೆಚ್ಚಾಯಿತು, ಒಂದು ಸಲ ಕೆಳಗೆ ಕತ್ತೆ ಒದರಿತು, ಒಂದು ಸಲ ವೈನಿಗೆ ಕೆಮ್ಮು ಬಂತು. ಹಾಡಿ ಹಾಡಿ ಗಂಟಲು ಕಟ್ಟುತ್ತ ಬಂತು. ಆರನೆಯ ಸಲ ಮಾತ್ರ ಎಲ್ಲ ಕೂಡಿ ಬಂತು. ನಾನು ನಿಜವಾಗಿಯೂ ಹೊಳೆಯ ದಂಡೆಯಲ್ಲೇ ನಿಂತಿದ್ದೆ. ಕಡೆಯ ನುಡಿಗೆ ದಪ್ಪು ನಿಧಾನವಾಯಿತು. ಎದುರಿಗೆ ಯಾರ ಕಣ್ಣೂ ಇರಲಿಲ್ಲ, ನನ್ನ ಕಣ್ಣು ಮುಚ್ಚಿದವು. ಹಾಡು ಮುಗಿಯಿತು.

‘ಫಸ್ಟ್ ಕ್ಲಾಸ್,’ ಎಂದ ಕಂಪನಿಯವನು.

ಕಾಕಾ ವೈನಿಯ ಮುಖ ನೋಡಿದ. ವೈನಿ ನೆಲ ನೋಡಿದಳು. ಏನಾಯಿತೆಂದು ನನಗೆ ತಿಳಿಯಲಿಲ್ಲ. ಅವನು ಸುರುಳಿ ಹಿಂದಕ್ಕೆ ಸುತ್ತಿ ಹಚ್ಚಿದ.

ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಇಷ್ಟು ಚೆಂದ ಹಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಆಮೇಲೆ ಕಡೆಯ ನುಡಿ ಬಂತು. ಅದರಲ್ಲಿ ಮೂಡಲಗಿ ಇತ್ತು, ಗುರುಗಳ ಹೆಸರಿತ್ತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ, ಕಣ್ಣು ಮುಚ್ಚಿದ್ದೇ ತಡ ನನ್ನದು ಹಳೆಯ ಹಾದಿ ಹಿಡಿದಿತ್ತು. ಬೇರೆ ಯಾರೋ ಕದ್ದಿದ್ದರೆ ಜಗಳವಾಡಬಹುದಿತ್ತು. ನಾನೇ ಕೈಯಾರೆ ಒಯ್ದು ಕೊಟ್ಟಿದ್ದೆ, ಯಾರ ಮೇಲೆ ಸಿಟ್ಟು ಮಾಡಲಿ?

‘ಇನ್ನೊಮ್ಮೆ ಹಾಡ್ತೀನ್ರಿ,’ ಎಂದೆ.

ಸುರುಳಿ ಉಳಿದಿಲ್ಲ ಎಂದ ಅವನು. ಉಳಿದವುಗಳಲ್ಲಿ ಬೇರೆಯವರ ಹಾಡುಗಳಿದ್ದವು. ಮತ್ತೆ ಹಾಡುವುದಾದರೆ ಇದರ ಮೇಲೆಯೇ ಹಾಡಬೇಕು, ಇದು ಅಳಿಸಿ ಹೋಗುತ್ತದೆ. ‘ನಿಮ್ಮ ಗಂಟಲಾ ಬಿದ್ದೈತಿ. ಇಂಥಾದ್ದು ಮತ್ತ ಬರೂದಿಲ್ಲ, ವಿಚಾರ ಮಾಡ್ರಿ.’

ಕಾಕಾ ನನ್ನ ಹತ್ತಿರ ಬಂದು ಕೂತ. ‘ಇರಲಿ ಬಿಡವಾ ತಂಗಿ. ಸ್ತುತಿ ಬಿಟ್ಟಿದ್ದಿ, ಅದಕ ಗುರುವಿನ ಹೆಸರ ತಾನಾ ಬಂದು ಕುಂತೈತಿ. ಮಂದಿ ದನಿ ಕೇಳ್ತಾರ, ಹೆಸರ ಯಾರ ಕೇಳ್ತಾರ?’

ಕಾಕಾ ಹೇಳಿದ್ದು ನನಗೂ ಖರೆ ಅನಿಸಿತು. ಆ ದನಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಗುರುಗಳ ಹೆಸರು ಅದರಲ್ಲಿ ಎಷ್ಟು ಚೆಂದವಾಗಿ ಕೂತಿತ್ತು ಅಂದರೆ, ಅಳಿಸುವುದೇ ಪಾಪ ಅನಿಸಿತು. ವೈನಿ ಮಾತ್ರ ತುಂತುಣಿ ಎತ್ತಿಕೊಂಡು ನನ್ನ ಹಿಂದೆ ಬಂದು ನಿಂತಳು.

‘ಅಳಸ್ರಿ,’ ಎಂದೆ.

ಏಳನೆಯ ಸಲ ಕಣ್ಣು ಬಿಟ್ಟುಕೊಂಡೇ ಹಾಡಿದೆ. ಮೊದಲ ನುಡಿಯಲ್ಲೇ ದನಿ ಸೀಳಿತು, ನಡುವೆ ಒಂದು ಕಡೆ ಉಸಿರು ಸಾಲಲಿಲ್ಲ. ಕಡೆಯ ನುಡಿಗೆ ಕಂಪನಿಯವನ ಕಣ್ಣಲ್ಲಿ ಕಣ್ಣು ನೆಟ್ಟು ನನ್ನ ಊರು, ನನ್ನ ಹೆಸರು ಹೇಳಿದೆ. ಪಾಪ, ಅವನು ಮುಖ ತಿರುಗಿಸಿಕೊಂಡ.

ಪ್ಲೇಟು ಬರಲು ಮಳೆಗಾಲವೆಲ್ಲ ಹಿಡಿಯಿತು. ಹುಕ್ಕೇರಿಯ ಚಹಾದಂಗಡಿಯವನೊಬ್ಬ ತರಿಸಿದ್ದಾನೆಂದು ಕೇಳಿ ಸಂತೆಯ ದಿನ ವೈನಿಯೂ ನಾನೂ ಹೋದೆವು. ಹೆಂಗಸರು ಒಳಗೆ ಕೂರುವ ಪದ್ಧತಿ ಇರಲಿಲ್ಲ, ಹೊರಗೆ ಬಾಗಿಲ ಹತ್ತಿರ ನಿಂತೆವು. ಅಂಗಡಿಯವನಿಗೆ ನಮ್ಮ ಗುರುತಿರಲಿಲ್ಲ. ಅವನು ಕೀಲಿ ತಿರುವಿ ಪ್ಲೇಟು ಹಚ್ಚಿದ. ದನಿ ಸೀಳಿದಲ್ಲಿ ಒಬ್ಬ, ‘ಈಕೀಗೆ ಗಂಟಲ ಬ್ಯಾನಿ ಐತೇನೋ’ ಎಂದ. ಮತ್ತೊಬ್ಬ ನಕ್ಕ. ವೈನಿ ನನ್ನ ಕೈ ಹಿಡಿದಳು.

ಪದ ಮುಗಿದು ಮುಳ್ಳು ಕರಕರ ಎನ್ನತೊಡಗಿತು. ನಕ್ಕವನು ಈಗ ಬಸಿಯಲ್ಲಿನ ಚಹಾ ಕುಡಿಯದೆ ಹಾಗೆಯೇ ಹಿಡಿದು ಕೂತಿದ್ದ.

‘ಯಾರೋ ಈಕಿ?’ ಎಂದ.

‘ಹೇಳಿದಳಲ್ಲೋ ಈಗ, ಕಿವಿ ಇಲ್ಲೇನ್ ನಿನಗ?’ ಎಂದು ಅಂಗಡಿಯವನು ನನ್ನ ಹೆಸರು ಹೇಳಿದ. ಊರಿನ ಸಮೇತ, ಪದದಲ್ಲಿದ್ದ ಹಾಗೆಯೇ ಹೇಳಿದ. ಹೇಳಿ, ಮುಳ್ಳು ಎತ್ತಿ ಮತ್ತೆ ಮೊದಲಿನಿಂದ ಹಚ್ಚಿದ.